ಗೊಬ್ಬರದ ಸೂಜಿ

ಅಂಕಲಿಯ ಬಾಪುಸಾಹೇಬ ಮಗದುಮ್ಮರಿಗೆ ಮನುಷ್ಯರನ್ನೂ ಬೆಳೆಯಂತೆಯೇ ನೋಡುವ ಚಟವಿತ್ತು. ನಲವತ್ತು ವರ್ಷ ಗೊಬ್ಬರದ ಅಂಗಡಿಯಲ್ಲಿ ಕೂತವರು ಇನ್ನು ಹೇಗೆ ನೋಡಿಯಾರು? ರೈತನೊಬ್ಬ ಕಬ್ಬಿನ ಎಲೆ ತಂದು ಮೇಜಿನ ಮೇಲಿಟ್ಟರೆ ಕನ್ನಡಕ ಏರಿಸಿ, "ಜಿಂಕ್ ಕಡಿಮಿ ಆಗೈತಿ" ಎನ್ನುತ್ತಿದ್ದರು. ಸೊಸೆ ಮಯೂರಿ ಬೋರಗಾಂವದಿಂದ ಮದುವೆಯಾಗಿ ಬಂದ ಮರುದಿನ ಚಹಾ ತಂದುಕೊಟ್ಟಾಗಲೂ ಅವಳ ಮುಖ ನೋಡಿ ಅದನ್ನೇ ಅಂದರು. ಪಾಪದ ಹುಡುಗಿ ಒಳಗೆ ಹೋಗಿ ಅತ್ತಳು. ಹೆಂಡತಿ ರಾಜಮತಿ ಅವರನ್ನು ಹಿತ್ತಲಿಗೆ ಕರೆದು, "ಸೊಸಿ ಅಂದ್ರ ಕಬ್ಬಲ್ರಿ" ಎಂದು ಬುದ್ಧಿ ಹೇಳಿದರು. ಸಂಜೆ ಬಾಪುಸಾಹೇಬರು ಸೊಸೆಯನ್ನು ಸಮಾಧಾನ ಮಾಡಲು ಹೋದರು. "ಸಿಟ್ಟಾಗಬ್ಯಾಡ ಯವ್ವಾ, ಎಲಿ ಹಸರ ಐತಿ, ಬರೇ ತುದಿ ಹಳದಿ." ಆಮೇಲೆ ಎರಡು ದಿನ ಆ ಮನೆಯಲ್ಲಿ ಮಾವ ಸೊಸೆಗೆ ಮಾತಿಲ್ಲ.

ಮನುಷ್ಯ ಕೆಟ್ಟವರಲ್ಲ. ಬಾಯಿ ಮಾತ್ರ ಅಂಗಡಿಯ ಬಾಗಿಲಿನ ಹಾಗೆ ಬೆಳಗಿನಿಂದ ರಾತ್ರಿಯವರೆಗೂ ತೆರೆದಿರುತ್ತಿತ್ತು. ಮಳೆಗಾಲ ಬಂತೆಂದರೆ ಯೂರಿಯಾದ ಲಾರಿ ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ರೈತರು ಅವರ ಅಂಗಡಿ ಮುಂದೆ ಪಾಳಿ ಹಚ್ಚುತ್ತಿದ್ದರು. ಪಾಳಿಯಲ್ಲಿ ನಿಲ್ಲುತ್ತಿದ್ದವರು ಮಾತ್ರ ಮನುಷ್ಯರಲ್ಲ. ಕಟ್ಟೆಯಿಂದ ರಸ್ತೆಯವರೆಗೆ ಒಂದರ ಹಿಂದೊಂದು ಚಪ್ಪಲಿ ಬಿಟ್ಟು ಅವರು ಚಹಾದ ಅಂಗಡಿಯಲ್ಲಿ ಕೂತಿರುತ್ತಿದ್ದರು. ಒಬ್ಬರ ಚಪ್ಪಲಿಯನ್ನು ಇನ್ನೊಬ್ಬರು ಸರಿಸುವಂತಿಲ್ಲ; ಸರಿಸಿದರೆ ಹೊಡೆದಾಟವೇ. ಬಾಪುಸಾಹೇಬರಿಗೆ ಈ ಪದ್ಧತಿ ಬಹಳ ಇಷ್ಟ. ಚಪ್ಪಲಿ ಎದುರು ಮಾತಾಡುವುದಿಲ್ಲ, ಉದ್ರಿ ಕೇಳುವುದಿಲ್ಲ ಎನ್ನುತ್ತಿದ್ದರು.

ಹೀಗಿದ್ದ ಬಾಪುಸಾಹೇಬರು ಮೊಮ್ಮಗ ವೃಷಭ ಹುಟ್ಟಿದ ಮೇಲೆ ಮೆತ್ತಗಾದರು. ಮಗ ಶ್ರೇಣಿಕನಿಗೆ ಅಂಗಡಿಯ ಅರ್ಧ ಕೆಲಸ ಬಿಟ್ಟುಕೊಟ್ಟು ತಾವು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗಲ್ಲಾದ ಹಿಂದೆ ಕೂರತೊಡಗಿದರು. ಬಂದವರಿಗೆಲ್ಲ, "ನೋಡ್ರಿ, ಯಾವ ಗೊಬ್ಬರಾನೂ ಇಲ್ದ ಹೆಂಗ ಬೆಳದೈತಿ" ಎಂದು ತೋರಿಸುವರು. ಆ ಕೂಸು ಒಮ್ಮೆ ಸೀನಿದರೆ ಅಜ್ಜ ಅಂಗಡಿಯ ಫ್ಯಾನು ಆರಿಸುತ್ತಿದ್ದರು.

ಕೂಸಿಗೆ ಐದು ತಿಂಗಳಾದಾಗ ಬೋರಗಾಂವದಿಂದ ಮಯೂರಿಯ ತಾಯಿಯ ಫೋನ್ ಬಂತು. ಅವರ ಓಣಿಯಲ್ಲಿ ಮಕ್ಕಳಿಗೆ ಗೋವರ ಎದ್ದಿದೆ, ಕೂಸನ್ನು ಕರೆದುಕೊಂಡು ಬರಬೇಡ ಎಂದು. ಗೋವರ ಎಂದರೆ ಮರಾಠಿಯಲ್ಲಿ ದಡಾರ. ಮೈತುಂಬ ಕೆಂಪು ಗುಳ್ಳೆ ಏಳುವ, ಜ್ವರದಲ್ಲಿ ಮಕ್ಕಳನ್ನು ಬೇಯಿಸುವ ರೋಗ. ಮಯೂರಿ ಫೋನ್ ಇಟ್ಟವಳೇ ಕೂಸನ್ನು ಎತ್ತಿಕೊಂಡಳು. ಅವಳು ಬೋರಗಾಂವಕ್ಕೆ ಹೋಗಿರಲಿಲ್ಲ, ನಿಜ. ಆದರೆ ಹಿಂದಿನ ವಾರವಷ್ಟೇ ಅಂಕಲಿಯ ಇದೇ ಓಣಿಯ ಅರ್ಧ ಜನ ಮಕ್ಕಳು ಮರಿ ಸಮೇತ ಅಲ್ಲಿನ ಒಂದು ತೊಟ್ಟಿಲ ಕಾರ್ಯಕ್ಕೆ ಹೋಗಿ ಉಂಡು ಬಂದಿದ್ದರು. ಬಂದ ಮಕ್ಕಳೆಲ್ಲ ದಿನಾ ಬಾಪುಸಾಹೇಬರ ಕಟ್ಟೆಯ ಮೇಲೆಯೇ ಆಡುತ್ತಿದ್ದವು, ವೃಷಭನ ಗಲ್ಲ ಹಿಂಡಿ ಮುದ್ದು ಮಾಡಿ ಹೋಗುತ್ತಿದ್ದವು.

ಬಾಪುಸಾಹೇಬರು ಉಪಕೇಂದ್ರದ ನರ್ಸ್ ಸ್ನೇಹಲಳನ್ನು ಕರೆಸಿದರು. ಸ್ನೇಹಲ ರಾಯಬಾಗದ ಕಡೆಯ ಹುಡುಗಿ, ಸ್ಕೂಟಿ ಮೇಲೆ ಮೂರು ಹಳ್ಳಿ ಸುತ್ತುವವಳು. ಅವಳು ಹೆಲ್ಮೆಟ್ ತೆಗೆಯುವ ಮೊದಲೇ ಬಾಪುಸಾಹೇಬರು ಕೂಸನ್ನು ಅವಳ ಮುಂದೆ ಹಿಡಿದರು.

"ಮೊದಲ ಇವಗ ಸೂಜಿ ಮಾಡ್ರಿ ಸಿಸ್ಟರ. ಉಳಿದದ್ದ ಆಮ್ಯಾಲ."

"ಇವಗ ಮಾಡಾಕ ಬರಂಗಿಲ್ರಿ ಕಾಕಾ. ಒಂಬತ್ತ ತಿಂಗಳ ತುಂಬಬೇಕು."

"ಅಲ್ಲಿತನಕಾ ಏನ್ ಮಾಡೂದು? ಬುಟ್ಟಿ ಮುಚ್ಚಿ ಇಡೂದೇನ?"

"ಇವನ ಸುತ್ತ ಇರೂ ಹುಡುಗೋರಿಗೆ ಮಾಡಬೇಕ್ರಿ," ಎಂದಳು ಸ್ನೇಹಲ. "ನಿಮ್ಮ ಓಣ್ಯಾಗ ಭಾಳ ಮಂದಿ ಒಂದ ಡೋಸ್ ಹಾಕ್ಸಿ, ಜ್ವರ ಬಂತಂತ ಎರಡನೇದ್ದ ಬಿಟ್ಟಾರ. ಕೆಲವ್ರು ಒಂದೂ ಹಾಕ್ಸಿಲ್ಲ. ದಡಾರ ಗಾಳ್ಯಾಗ ಹರಡತೈತ್ರಿ, ಒಬ್ಬ ಕೆಮ್ಮಿದ್ರ ಸಾಕು. ಆ ಹುಡುಗೋರಿಗೆ ಬರಲಿಲ್ಲಂದ್ರ ಇವಗ ತಂದ ಕೊಡವರ ಯಾರ ಹೇಳ್ರಿ?"

ಬಾಪುಸಾಹೇಬರಿಗೆ ಸಿಟ್ಟು ಬಂತು. "ಏನ್ ಮಾತಾಡ್ತೀರಿ! ನಮ್ಮ ಹೊಲಕ್ಕ ರೋಗ ಬರಬಾರದಂದ್ರ ಮಗ್ಗಲ ಹೊಲಕ್ಕ ಔಷಧ ಹೊಡೀಬೇಕೇನ?" ಎಂದವರು ಬಾಯಿ ತೆರೆದುಕೊಂಡೇ ನಿಂತುಬಿಟ್ಟರು. ಕೆಲವು ವರ್ಷಗಳ ಹಿಂದೆ ಕಬ್ಬಿಗೆ ಲೋಕರಿ ಮಾವಾ ಎಂಬ ಬಿಳಿ ಹೇನು ಬಿದ್ದಿತ್ತು. ಬಾಪುಸಾಹೇಬರು ತಮ್ಮ ಹೊಲಕ್ಕೆ ಔಷಧ ಹೊಡೆಸಿದ್ದರು. ಪಕ್ಕದ ಹೊಲದ ವಿರುಪಾಕ್ಷಪ್ಪನವರು ತಮ್ಮ ಕಬ್ಬು ಗಟ್ಟಿ ಎಂದು ಸುಮ್ಮನೆ ಕೂತಿದ್ದರು. ತಿಂಗಳೊಳಗೆ ಎರಡೂ ಹೊಲ ಹತ್ತಿ ಅರಳಿದಂತೆ ಬೆಳ್ಳಗಾದವು. "ಹೌದಲಾ," ಎಂದರು ಬಾಪುಸಾಹೇಬರು ತಮ್ಮಷ್ಟಕ್ಕೆ. "ಹೊಡೀಬೇಕು. ಮಗ್ಗಲ ಹೊಲಕ್ಕ ಮೊದಲ ಹೊಡೀಬೇಕು!"

ಆಮೇಲೆ ಅವರನ್ನು ಹಿಡಿಯುವವರಿಲ್ಲ. ನಾಳೆಯೇ ಆಗಲಿ, ನನ್ನ ಕಟ್ಟೆಯ ಮೇಲೆಯೇ ಆಗಲಿ, ನೆರಳಿದೆ, ಫ್ಯಾನಿದೆ, ಊರಿಗೆಲ್ಲ ಗೊತ್ತಿರುವ ಜಾಗ ಎಂದರು. ಮನೆಮನೆಗೆ ಹೇಳಿ ಬರಬೇಕಾದ ಆಶಾ ಕಾರ್ಯಕರ್ತೆ ತಾನೇ ಹೆರಿಗೆಗೆಂದು ತವರಿಗೆ ಹೋಗಿದ್ದಳು. ಹಾಗಾಗಿ ಊರಿಗೆ ಹೇಳುವ ಕೆಲಸವನ್ನೂ ಬಾಪುಸಾಹೇಬರೇ ವಹಿಸಿಕೊಂಡರು. ಸ್ನೇಹಲ, "ದಡಾರ-ರುಬೆಲ್ಲಾ ಲಸಿಕೆ ಅಂತ ಹೇಳ್ರಿ" ಎಂದಳು.

"ಅದು ಸರಕಾರದ ಮಾತ ಆತು. ಯಾರಿಗೆ ತಿಳೀತೈತಿ? ನಮ್ಮವ್ವ ಆ ರೋಗಕ್ಕ ಗೊಬ್ಬರ ಅಂತಿದ್ಲು. ಗೊಬ್ಬರ ಎದ್ದಾವು, ಗೊಬ್ಬರ ಬಂದೈತಿ ಅಂತಿದ್ರು ಎಲ್ಲಾರೂ. ಗೊಬ್ಬರದ ಸೂಜಿ ಅಂದ್ರ ಊರಿಗೆ ಊರ ಓಡಿ ಬರತೈತಿ."

ಸ್ನೇಹಲಳ ಅಜ್ಜಿಯೂ ಹಾಗೇ ಅನ್ನುತ್ತಿದ್ದಳಂತೆ, ಅವಳು ತಲೆಯಾಡಿಸಿದಳು. ನಲವತ್ತು ವರ್ಷ ಗೊಬ್ಬರ ಮಾರಿದ ಮನುಷ್ಯ, ಗೊಬ್ಬರದ ಅಂಗಡಿಯಲ್ಲಿ, ಗೊಬ್ಬರದ ಚೀಲಕ್ಕೆ ಒರಗಿ ಕೂತು ಈ ಮಾತು ಆಡಿದರು. ಅವರಿಗೆ ಏನೂ ಹೊಳೆಯಲಿಲ್ಲ. ಅವ್ವ ಹೇಳುತ್ತಿದ್ದ ಗೊಬ್ಬರವೇ ಬೇರೆ, ತಾವು ಮಾರುವ ಗೊಬ್ಬರವೇ ಬೇರೆ; ಅವರ ತಲೆಯಲ್ಲಿ ಎರಡೂ ಎಂದೂ ಒಂದಕ್ಕೊಂದು ಭೇಟಿಯಾಗಿರಲಿಲ್ಲ.

ಊರಲ್ಲಿ ಡಂಗುರದ ಕೆಲಸ ಧೂಳಪ್ಪನದು. ಮೂರು ಗಾಲಿಯ ಟಂಟಂ ಗಾಡಿಯ ಮೇಲೆ ಧ್ವನಿವರ್ಧಕದ ಕರ್ಣ ಕಟ್ಟಿಕೊಂಡು ಸುತ್ತಮುತ್ತಲಿನ ಹಳ್ಳಿಗಳಲ್ಲಿ ಬಾಪುಸಾಹೇಬರ ಅಂಗಡಿಯ ಮಾಲು ಸಾರುವವನು ಅವನೇ. ಅವನಿಗೆ ಫೋನಿನಲ್ಲಿ ಬಾಪುಸಾಹೇಬರು ಒಂದೊಂದೇ ಮಾತು ಬಿಡಿಸಿ ಹೇಳಿದರು: "ನಾಳೆ ಮುಂಜಾನೆ ನಮ್ಮ ಅಂಗಡಿ ಮುಂದ ಗೊಬ್ಬರದ ಸೂಜಿ. ಪುಕಟ. ಒಂಬತ್ತ ತಿಂಗಳದಿಂದ ಐದ ವರ್ಷದ ತನಕಾ ಇದ್ದವಕ್ಕೆಲ್ಲಾ. ಮೊದಲ ಒಂದ ಡೋಸ್ ಕೊಟ್ಟಿದ್ರೂ ನಡೀತೈತಿ."

ಮಕ್ಕಳು ಎಂಬ ಮಾತು ಅದರಲ್ಲಿ ಎಲ್ಲಿಯೂ ಇರಲಿಲ್ಲ. ಸೂಜಿಯನ್ನು ಮಕ್ಕಳಿಗಲ್ಲದೆ ಮತ್ತೆ ಯಾರಿಗೆ ಮಾಡುತ್ತಾರೆ ಎಂದುಕೊಂಡರು ಅವರು. ನಮ್ಮ ಮಾತಿನಲ್ಲಿ ಕೂಸೂ ಅದು, ಕಬ್ಬೂ ಅದು. ಇದ್ದವಕ್ಕೆ ಎಂದರೆ ಎರಡಕ್ಕೂ ಸಲ್ಲುತ್ತದೆ. ಶಾಲೆಯಲ್ಲಿ ಯಾರೂ ಲಕ್ಷ್ಯ ಕೊಡದ ವ್ಯಾಕರಣ ಅಂದು ಊರಿನ ಮೇಲೆ ಸೇಡು ತೀರಿಸಿಕೊಂಡಿತು. ಧೂಳಪ್ಪನಾದರೋ ಹೇಳಿದ್ದಕ್ಕೆ ತನ್ನದೊಂದು ಒಗ್ಗರಣೆ ಹಾಕದೆ ಬಿಡುವವನಲ್ಲ. "ಕೇಳ್ರಪೋ ಕೇಳ್ರಿ, ಬಂತು ಬಂತು, ಹೊಸಾ ನಮೂನಿ ಗೊಬ್ಬರದ ಸೂಜಿ!" ಎಂದು ಅಂಕಲಿಯಲ್ಲಿ ಸಾರಿ, ಡೀಸೆಲ್ ಉಳಿದಿದೆಯೆಂದು ನದಿ ದಾಟಿ ಸತ್ತಿ ಎಂಬ ಊರಿನವರೆಗೂ ಹೋಗಿ ಸಾರಿ ಬಂದ. ಲಾರಿ ಬಾರದೆ ಹದಿನೈದು ದಿನವಾಗಿತ್ತು. ಜನ ಯೂರಿಯಾ ಯೂರಿಯಾ ಎಂದು ಕನಸಿನಲ್ಲಿ ಬಡಬಡಿಸುತ್ತಿದ್ದ ಕಾಲ ಅದು.

ಮರುದಿನ ಬೆಳಗ್ಗೆ ಬಾಪುಸಾಹೇಬರು ಬಾಗಿಲು ತೆರೆದಾಗ ಚಪ್ಪಲಿಗಳ ಸಾಲು ಕಟ್ಟೆಯಿಂದ ಹೊರಟು ಬ್ಯಾಂಕು ದಾಟಿ ಹಿಟ್ಟಿನ ಗಿರಣಿಯವರೆಗೆ ಹೋಗಿತ್ತು. ಅವರ ಕಣ್ಣಲ್ಲಿ ನೀರು ಬಂತು. "ನೋಡ ರಾಜಮತಿ, ನಮ್ಮ ಕೂಸಿನ ಸಲುವಾಗಿ ಎಷ್ಟ ಮಂದಿ ಬಂದಾರ" ಎಂದರು. ಮಕ್ಕಳೇಕೆ ಒಂದೂ ಕಾಣುತ್ತಿಲ್ಲ ಎಂದು ರಾಜಮತಿ ಕೇಳಿದರು. ಚಹಾದ ಅಂಗಡಿಯಲ್ಲಿರಬೇಕು ಎಂದರು ಬಾಪುಸಾಹೇಬರು.

ಸ್ನೇಹಲ ಲಸಿಕೆಯ ತಂಪಿನ ಡಬ್ಬಿ ಇಟ್ಟು ಮೇಜು ಒರೆಸಿ ಕೂತಳು. ಅಂಗಡಿಯ ಹಮಾಲ ಮಾಳಸಿದ್ದ ತನ್ನ ಎರಡು ವರ್ಷದ ಮಗಳನ್ನು ಎತ್ತಿಕೊಂಡು ಬಂದಿದ್ದ. ಹಿಂದಿನ ದಿನ ಎಲ್ಲ ಮಾತೂ ಅವನ ಎದುರೇ ಆಗಿದ್ದರಿಂದ ಅವನಿಗೆ ವಿಷಯ ಗೊತ್ತಿತ್ತು. ಸ್ನೇಹಲ ಬಾಟಲಿ ಒಡೆದು ಆ ಹುಡುಗಿಗೆ ಮೊದಲ ಸೂಜಿ ಮಾಡಿದಳು. ಒಮ್ಮೆ ಒಡೆದ ಬಾಟಲಿಯನ್ನು ನಾಲ್ಕು ತಾಸಿನೊಳಗೆ ಮುಗಿಸಬೇಕು, ಇಲ್ಲವಾದರೆ ಚೆಲ್ಲಬೇಕು. ಪಾಳಿ ನೋಡಿ ಅವಳಿಗೂ ಧೈರ್ಯ ಬಂದಿತ್ತು. ಮುಂದಿನವರು ಬರ್ರಿ ಎಂದು ಕೂಗಿದಳು. ಸತ್ತಿಯ ರೈತ ಭೀಮಗೊಂಡ ಕೈಯಲ್ಲೊಂದು ಪ್ಲಾಸ್ಟಿಕ್ ಕ್ಯಾನು ಹಿಡಿದು ಮುಂದೆ ಬಂದ.

"ತಾಯಿ ಕಾರ್ಡ್ ತಂದೀರೇನ್ರಿ?" ಎಂದು ಕೇಳಿದಳು ಸ್ನೇಹಲ. ಗರ್ಭಿಣಿಯಾದಾಗಿನಿಂದ ಮಗುವಿನ ಸೂಜಿಗಳವರೆಗೆ ಎಲ್ಲ ಬರೆಯುವ ಕಾರ್ಡಿಗೆ ಹಾಗೆ ಹೆಸರು. ಭೀಮಗೊಂಡ ಹೊಲದ ಉತಾರ, ಅಂದರೆ ಪಹಣಿ ಪತ್ರ, ಬಿಚ್ಚಿ ತೋರಿಸಿದ.

"ಹೊಲ ನಮ್ಮ ತಾಯಿ ಹೆಸರಲೇ ಐತ್ರಿ ಬಾಯಾರ."

ಸ್ನೇಹಲಳಿಗೆ ಅರ್ಥವಾಗಲಿಲ್ಲ. ಗದ್ದಲದಲ್ಲಿ ಸರಿಯಾಗಿ ಕೇಳಿಸಿರಲಿಕ್ಕಿಲ್ಲ ಎಂದುಕೊಂಡು, "ಇರ್ಲಿ. ಎಷ್ಟ ತಿಂಗಳದ್ದು?" ಎಂದಳು.

"ಹತ್ತ ತಿಂಗಳ ನಡದೈತ್ರಿ."

"ಮೊದಲ ಏನರ ಕೊಟ್ಟೀರೇನು?"

"ಹುಟ್ಟಿದ ಮ್ಯಾಲ ಒಮ್ಮಿ ಕೊಟ್ಟಿದ್ನಿರಿ. ಆಮ್ಯಾಲ ಎಲ್ಲೂ ಸಿಗಲೇ ಇಲ್ಲ."

"ತೂಕ ಎಷ್ಟ ಐತಿ?"

"ಎಕರೆಕ ಅರವತ್ತ ಟನ್ ಬೀಳಬೇಕ್ರಿ."

ಸ್ನೇಹಲ ಪೆನ್ನು ಕೆಳಗಿಟ್ಟಳು. "ಎಲ್ಲೈತ್ರಿ ಅದು?"

"ನದಿ ದಂಡ್ಯಾಗ ಐತ್ರಿ."

"ನದಿ ದಂಡ್ಯಾಗ ಅದೊಂದನ್ನ ಬಿಟ್ಟ ಬಂದೀರಾ!"

"ಏನ್ ಮಾಡೂದ್ರಿ? ಎರಡ ದಿನದಿಂದ ಕುತ್ತಿಗಿಮಟ ನೀರ ನಿಂತಾವು. ನೀರ ಇಳದ ಮ್ಯಾಲ ನೋಡೂಣಂತ ಬಿಟ್ಟೀನಿ."

ಸ್ನೇಹಲ ಕಿಟಾರನೆ ಕಿರುಚಿದ್ದು ಗಿರಣಿಯವರೆಗೂ ಕೇಳಿತು. ಬಾಪುಸಾಹೇಬರು ಕೂಸನ್ನು ಮಯೂರಿಯ ಕೈಗೆ ಕೊಟ್ಟು ಓಡಿ ಬಂದರು. ಅಷ್ಟರಲ್ಲಿ ದೊಡ್ಡ ಹಿಡುವಳಿಯ ವಿರುಪಾಕ್ಷಪ್ಪನವರು ಟ್ರ್ಯಾಕ್ಟರ್ ನಿಲ್ಲಿಸಿ, ಜನರನ್ನು ಸರಿಸಿಕೊಂಡು ಮುಂದೆ ಬಂದು ಸಿರಿಂಜನ್ನು ಹತ್ತಿರದಿಂದ ನೋಡಿದರು. "ಮೊದಲ ಚೀಲ ಇತ್ತು, ಆಮ್ಯಾಲ ನ್ಯಾನೋ ಅಂತ ಬಾಟ್ಲಿ ಬಂತು, ಈಗ ಸೂಜಿಗೆ ಬಂತ ನೋಡ್ರಿ" ಎಂದು ಮೆಚ್ಚಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, "ಕಬ್ಬಿನ ಒಂದೊಂದ ಗಣಿಕಿಗೂ ಚುಚ್ಚಬೇಕೇನ್ರಿ? ಹಂಗಾದ್ರ ಆಳ ಭಾಳ ಬೇಕಾಗ್ತಾವು" ಎಂದು ಕೇಳಿದರು.

ಬಾಪುಸಾಹೇಬರಿಗೆ ಆಗ ಹೊಳೆಯಿತು. ನಲವತ್ತು ವರ್ಷ ಭೇಟಿಯಾಗದ ಎರಡು ಗೊಬ್ಬರಗಳು ಅವರ ತಲೆಯಲ್ಲಿ ಢಿಕ್ಕಿ ಹೊಡೆದವು. ಹಣೆ ಬಡಿದುಕೊಂಡು ಕಟ್ಟೆಯ ಮೇಲೆ ನಿಂತು, "ಇದು ಕಬ್ಬಿಗೆ ಅಲ್ಲ, ಮಕ್ಕಳಿಗೆ ಹಾಕೂ ಗೊಬ್ಬರದ ಸೂಜಿ!" ಎಂದು ಕೂಗಿದರು. ಅಷ್ಟು ಕೂಗದೆ ಇದ್ದಿದ್ದರೆ ಒಳ್ಳೆಯದಿತ್ತು. ಗೊಬ್ಬರ ಎಂಬ ರೋಗದ ಹೆಸರು ಆ ಗುಂಪಿನಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಐದೇ ನಿಮಿಷದಲ್ಲಿ ಸುದ್ದಿ ಓಣಿ ಓಣಿಗೆ ಹೋಯಿತು: ಲಾರಿ ಬಾರದೆ ಬಾಪುಸಾಹೇಬನಿಗೆ ತಲೆ ಕೆಟ್ಟಿದೆ, ಉಳಿದ ಯೂರಿಯಾ ಕರಗಿಸಿ ಮಕ್ಕಳಿಗೆ ಚುಚ್ಚುತ್ತಿದ್ದಾನೆ. ಮನೆಗಳ ಬಾಗಿಲು ದಡದಡ ಮುಚ್ಚಿದವು. ಅಂಗನವಾಡಿಯಲ್ಲಿದ್ದ ಮಕ್ಕಳನ್ನೂ ತಾಯಂದಿರು ಕಂಕುಳಲ್ಲಿ ಇರುಕಿಕೊಂಡು ಓಡಿದರು.

ಕಟ್ಟೆಯ ಮೇಲೆ ಉಳಿದದ್ದು ಸ್ನೇಹಲ, ಒಡೆದ ಬಾಟಲಿ, ಮತ್ತು ಸೂಜಿ ಹಾಕಿಸಿಕೊಂಡು ಪೆಪ್ಪರಮಿಂಟ್ ಚೀಪುತ್ತಿದ್ದ ಮಾಳಸಿದ್ದನ ಮಗಳು. ರೈತರು ಮಾತ್ರ ಹೋಗಲಿಲ್ಲ. ಹಚ್ಚಿದ ಪಾಳಿ ಬಿಡುವುದು ಅವರ ಸ್ವಭಾವದಲ್ಲಿಲ್ಲ. ಏನಾದರೂ ಸಿಕ್ಕೀತು ಎಂದು ಚಪ್ಪಲಿ ಕಾಯುತ್ತ ನಿಂತರು. ಬಾಪುಸಾಹೇಬರು ತಲೆಯ ಮೇಲೆ ಕೈ ಹೊತ್ತು ಕೂತರು. ಒಳಗೆ ವೃಷಭ ನಗುತ್ತಿದ್ದುದು ಕೇಳಿಸುತ್ತಿತ್ತು. ಬೋರಗಾಂವದಿಂದ ಬಂದ ಮಕ್ಕಳಲ್ಲಿ ಯಾವುದಕ್ಕೆ ಇವತ್ತು ಜ್ವರ ಏರುತ್ತದೋ, ಯಾವುದು ನಾಳೆ ಬಂದು ಆ ಕೂಸಿನ ಮುಖದ ಮೇಲೆ ಕೆಮ್ಮುತ್ತದೋ ಎಂದು ಲೆಕ್ಕ ಹಾಕತೊಡಗಿದರು.

ಆಗ ವಿರುಪಾಕ್ಷಪ್ಪನವರ ತಾಯಿ ಚನ್ನವ್ವ ಬಂದಳು. ಎಂಬತ್ತು ದಾಟಿದ ಮುದುಕಿ. ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ನಾಲ್ಕು ವರ್ಷದ ಮರಿಮಗ ಸಿದ್ದಲಿಂಗನ ರಟ್ಟೆ. ಊರೆಲ್ಲ ಮಕ್ಕಳನ್ನು ಬಚ್ಚಿಟ್ಟರೆ ಇವಳೊಬ್ಬಳು ತಾನಾಗಿ ತಂದಿದ್ದಳು.

"ಬಾಪೂ, ಇವಗ ಒಂದೀಟ ಗೊಬ್ಬರ ಹಾಕ್ಸಪಾ. ಇವನ ವಾರಗೀ ಹುಡುಗೋರೆಲ್ಲಾ ಎತ್ತರಾಗ್ಯಾವು. ಇದೊಂದ ನೆಲಾ ಹಿಡದ ಕುಂತೈತಿ."

ಬಾಪುಸಾಹೇಬರಿಗೆ ಜೀವ ಬಂದಂತಾಯಿತು. ಇದೇ ದಾರಿ! ಬೆಳೆಯುತ್ತವೆ ಎಂದರೆ ಊರಿನ ಮಕ್ಕಳೆಲ್ಲ ಬರುತ್ತವೆ. "ಹಾಕ್ಸೂಣ ಆಯಿ, ಹಾಕ್ಸೂಣ! ಎರಡ ತಿಂಗಳದಾಗ ನೋಡು, ಬಾಗಲದಾಗ ಬಗ್ಗಿ ಬರಬೇಕು ಇವ!" ಎಂದುಬಿಟ್ಟರು. ಗಿರಾಕಿಗೆ ಎಂದೂ ಕಲಬೆರಕೆ ಮಾಲು ಕೊಟ್ಟವರಲ್ಲ ಅವರು. ಮೊಮ್ಮಗನ ಮೇಲಿನ ಆಸೆ ಈ ಸುಳ್ಳು ಆಡಿಸಿತು.

ಸ್ನೇಹಲ ಸಿರಿಂಜನ್ನು ಟ್ರೇಯಲ್ಲಿ ಇಟ್ಟುಬಿಟ್ಟಳು. "ಸುಳ್ಳ ಹೇಳಿ ನಾ ಸೂಜಿ ಮಾಡಂಗಿಲ್ರಿ ಕಾಕಾ. ನಾಳೆ ಇವ ಎತ್ತರ ಆಗಲಿಲ್ಲಂದ್ರ ಮುಂದ ಯಾವ ಸೂಜಿನೂ ಯಾರೂ ನಂಬಂಗಿಲ್ಲ." ಆಮೇಲೆ ಚನ್ನವ್ವನ ಕಡೆ ತಿರುಗಿದಳು. "ಆಯೀ, ಇದು ಬೆಳಸೂ ಸೂಜಿ ಅಲ್ಲ. ಜ್ವರ ಬಂದು, ಕಣ್ಣ ಕೆಂಪಾಗಿ, ಮೈತುಂಬ ಗುಳ್ಳಿ ಏಳತಾವಲ್ಲಾ, ಅದು ಬರದಂಗ ಮಾಡೂ ಸೂಜಿ."

ಚನ್ನವ್ವ ಕೋಲೂರಿ ಸ್ನೇಹಲಳ ಹತ್ತಿರಕ್ಕೆ ಬಾಗಿದಳು.

"ಗೊಬ್ಬರ ಏಳತಾವಲ್ಲ, ಅದಕ್ಕ?"

"ಹೂನ್ರಿ, ಅದಕ್ಕ."

"ಅದಕ್ಕ ಸೂಜಿ ಐತಿ?"

"ಬಂದು ನಲವತ್ತ ವರ್ಷ ಆತ್ರಿ ಆಯೀ."

ಮುದುಕಿ ಕಟ್ಟೆಯ ಮೇಲೆ ಕುಸಿದು ಕೂತಳು. ವಿರುಪಾಕ್ಷಪ್ಪನವರು ಗಾಬರಿಯಾಗಿ ಬಂದು ಭುಜ ಹಿಡಿದರು. ಅವಳು ಮಗನ ಮುಖ ನೋಡಿ ಹೇಳಿದಳು: "ನಿನಗ ಒಬ್ಬಾಕಿ ಅಕ್ಕ ಇದ್ಲೋ ವಿರುಪಾ. ಸುಂದ್ರಿ ಅಂತ. ಮೂರ ವರ್ಷದಾಕಿ. ಗೊಬ್ಬರ ಎದ್ದು, ಆಮ್ಯಾಲ ಎದಿ ಹಿಡದು ಹೋದ್ಲು. ನಾ ಬೇವಿನ ತೊಪ್ಪಲದಲೇ ಗಾಳಿ ಹಾಕ್ಕೋಂತ ಕುಂತಿದ್ನಿ. ಮತ್ತೇನ ಇತ್ತು ನಮ್ಮ ಕೈಯಾಗ?" ಅರವತ್ತು ದಾಟಿದ ವಿರುಪಾಕ್ಷಪ್ಪನವರು ತಮಗೆ ಅಕ್ಕ ಇದ್ದದ್ದನ್ನು ಆ ದಿನ ಮೊದಲ ಬಾರಿಗೆ ಕೇಳಿದರು. ದೊಡ್ಡ ಹಿಡುವಳಿದಾರ, ಪಂಚಾಯತಿಯಲ್ಲಿ ಗುಡುಗುವ ಮನುಷ್ಯ, ತಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು ಅವಳ ಪಾದ ನೋಡತೊಡಗಿದರು.

ಚನ್ನವ್ವನಿಗೆ ಅಳುವುದಕ್ಕಿಂತ ಸಿಟ್ಟೇ ಹೆಚ್ಚು ಬಂದಿತ್ತು. ಸಿದ್ದಲಿಂಗನನ್ನು ಸ್ನೇಹಲಳ ಮುಂದೆ ತಳ್ಳಿ, "ಹಾಕ ಇವಗ" ಎಂದಳು. ಆಮೇಲೆ ಧೂಳಪ್ಪನ ಟಂಟಂ ಎಲ್ಲಿದೆ ಎಂದು ಕೇಳಿದಳು. ಇಬ್ಬರು ಸೇರಿ ಅವಳನ್ನು ಗಾಡಿಗೆ ಹತ್ತಿಸಿದರು. ಕರ್ಣ ಒಮ್ಮೆ ಕುಯ್ಯೆಂದು ಅರಚಿತು. ನಂತರ ಅಂಕಲಿಯ ಓಣಿಗಳಲ್ಲಿ ಎಂಬತ್ತು ವರ್ಷದ ಬೈಗುಳ ಹೊರಟಿತು.

"ಏ ತುಳಸವ್ವಾ! ಬಾಗಲಾ ಹಾಕ್ಕೊಂಡ ಕುಂತೀ ಏನ ಬೇ? ನಾ ಚನ್ನವ್ವ ಮಾತಾಡಾಕತ್ತೀನಿ. ಇದು ಹೊಲಕ್ಕ ಹಾಕೂ ಗೊಬ್ಬರ ಅಲ್ಲ, ಮೈಮ್ಯಾಲ ಏಳೂ ಗೊಬ್ಬರ. ನಿಮಗ ಅದರ ಹೆಸರೂ ಗೊತ್ತಿಲ್ಲ. ಯಾಕ ಗೊತ್ತಿಲ್ಲ? ನಿಮ್ಮವ್ವಗೋಳು ನಿಮಗ ಸೂಜಿ ಹಾಕ್ಸ್ಯಾರ, ಅದಕ್ಕ ಗೊತ್ತಿಲ್ಲ! ನಾ ನೋಡೀನಿ. ನಮ್ಮ ಕಾಲಕ್ಕ ಕೂಸಿಗೆ ಗೊಬ್ಬರ ಎದ್ದ ಹೋಗೂಮಟ ಇದು ನಮ್ಮದಂತ ಎಣಸ್ತಿರಲಿಲ್ಲ. ಬೋರಗಾಂವಕ್ಕ ಹೋಗಿ ತೊಟ್ಟಿಲದ ಊಟ ಉಂಡ ಬರಾಕ ಆಗತೈತಿ, ಕಟ್ಟಿಮಟ ಬರಾಕ ಆಗಂಗಿಲ್ಲಾ? ಬರ್ರಿ ಹೊರಗ!"

ಅವಳು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ ಧೂಳಪ್ಪ ರೂಢಿಯಂತೆ ಬಟನ್ ಒತ್ತುತ್ತಿದ್ದ. ಹಳೆಯ ರೆಕಾರ್ಡು, "ಡಿಎಪಿ, ಪೊಟ್ಯಾಶ್, ಉತ್ತಮ ಇಳುವರಿಗಾಗಿ ಇಂದೇ ಭೇಟಿ ಕೊಡಿ" ಎಂದು ಮೊಳಗುತ್ತಿತ್ತು. ಚನ್ನವ್ವ ಅವನ ತಲೆಗೆ ಕೋಲಿನಿಂದ ಒಂದು ಕುಟ್ಟಿ ಮುಂದಿನ ಮನೆಯವರ ಹೆಸರು ಹಿಡಿಯುತ್ತಿದ್ದಳು.

ಮೊದಲು ತುಳಸವ್ವನ ಬಾಗಿಲು ತೆರೆಯಿತು, ಆಮೇಲೆ ಎದುರು ಮನೆಯದು. ಬೈಸಿಕೊಳ್ಳುವ ಸರದಿ ತಮ್ಮ ಮನೆಗೆ ಬರುವ ಮೊದಲೇ ಹೊರಟರೆ ಮರ್ಯಾದೆ ಉಳಿದೀತು ಎಂದು ಉಳಿದವರೂ ಹೊರಟರು. ಕಟ್ಟೆಯ ಹತ್ತಿರ ಮತ್ತೊಂದು ರಗಳೆ ಶುರುವಾಯಿತು. ಪಾಳಿ ನಮ್ಮದು, ನಸುಕಿನಲ್ಲಿ ಚಪ್ಪಲಿ ಬಿಟ್ಟವರು ನಾವು, ಈಗ ಬಂದವರು ಹಿಂದೆ ನಿಲ್ಲಲಿ ಎಂದು ರೈತರು ಹಟ ಹಿಡಿದರು. ಪಾಳಿಯ ನ್ಯಾಯ ಬಾಪುಸಾಹೇಬರಿಗೆ ಬಿಟ್ಟು ಇನ್ನಾರಿಗೆ ಗೊತ್ತು? "ಯಾರ ಚಪ್ಪಲಿ ಮುಂದೈತಿ, ಅವರ ಮನಿ ಹುಡುಗ ಆ ಚಪ್ಪಲ್ಯಾಗ ನಿಂದರ್ಲಿ" ಎಂದು ತೀರ್ಪು ಕೊಟ್ಟರು. ಅಪ್ಪಂದಿರ, ಅಜ್ಜಂದಿರ ದೊಡ್ಡ ದೊಡ್ಡ ಚಪ್ಪಲಿಗಳಲ್ಲಿ ಪುಟ್ಟ ಪಾದ ಇಟ್ಟುಕೊಂಡು ಮಕ್ಕಳು ಗಿರಣಿಯವರೆಗೆ ಸಾಲಾಗಿ ನಿಂತವು. ಮನೆಯಲ್ಲಿ ಸಣ್ಣ ಮಕ್ಕಳಿಲ್ಲದ ಭೀಮಗೊಂಡ ತನ್ನ ಚಪ್ಪಲಿಯನ್ನು ತುಳಸವ್ವನ ಮೊಮ್ಮಗಳಿಗೆ ಬಿಟ್ಟುಕೊಟ್ಟು, ಬರಿಗಾಲಲ್ಲಿ ನಿಂತು, ಆ ಹುಡುಗಿಯ ಪಾಳಿಯನ್ನು ಯಾರೂ ಮುರಿಯದಂತೆ ಕಾದ. ಒಡೆದ ಬಾಟಲಿ ಮುಗಿಯಿತು, ಎರಡನೆಯದೂ ಮುಗಿಯಿತು. ಸ್ನೇಹಲ ಇನ್ನಷ್ಟು ತರಿಸಲು ಮಾಳಸಿದ್ದನನ್ನು ಆಸ್ಪತ್ರೆಗೆ ಓಡಿಸಬೇಕಾಯಿತು.

ಎರಡು ದಿನದ ನಂತರ ಹಿಂದಿನ ಓಣಿಯ ಒಂದು ಹುಡುಗನಿಗೆ ದಡಾರ ಎದ್ದಿತು. ಸೂಜಿಯ ದಿನ ಅವನ ಮನೆಯವರು ಅಥಣಿಗೆ ಹೋಗಿದ್ದರು. ಸ್ನೇಹಲ ಅವನಿಗೆ ಔಷಧ ಕೊಡಿಸಿ, ಮನೆಯೊಳಗೇ ಇರಿಸಲು ಹೇಳಿದಳು. ಅಂದಿನಿಂದ ಬಾಪುಸಾಹೇಬರು ಅಂಗಡಿ ಮರೆತರು. ಗಂಟೆಗೊಮ್ಮೆ ವೃಷಭನ ಅಂಗಿ ಎತ್ತಿ ನೋಡುವುದು, ಕನ್ನಡಕ ಒರೆಸಿ ಮತ್ತೆ ನೋಡುವುದು. ಒಂದು ದಿನ ಕೂಸಿನ ಹೊಟ್ಟೆಯ ಮೇಲೆ ಕೆಂಪು ಕಂಡು ಗೋಳಾಡಿಬಿಟ್ಟರು. ಸ್ನೇಹಲ ಮಳೆಯಲ್ಲಿ ತೋಯಿಸಿಕೊಂಡು ಬಂದು ನೋಡಿದರೆ ಅದು ರಾಜಮತಿಯ ಬೆರಳಿನ ಕುಂಕುಮ. ಇನ್ನೊಂದು ದಿನ ಸೊಳ್ಳೆ ಕಚ್ಚಿದ ಗುರುತು. ಮೂರನೆಯ ಸಲ ಕರೆದಾಗ ಅವಳು ಫೋನನ್ನೇ ಎತ್ತಲಿಲ್ಲ.

ವಾರಗಳು ಕಳೆದವು. ಆ ಹುಡುಗ ಗುಣವಾಗಿ ಮತ್ತೆ ಬೀದಿಗೆ ಬಂದ. ರೋಗ ಅವನ ಮನೆಯ ಹೊಸ್ತಿಲು ದಾಟಿ ಯಾವ ಮನೆಗೂ ಹೋಗಲಿಲ್ಲ. ರೈತರು ಅಂಗಡಿಗೆ ಬಂದು, "ಸಾವ್ಕಾರ್ರ, ಅಷ್ಟ ಗದ್ಲಾ ಮಾಡಿದ್ರಿ, ಆ ಸೂಜಿಯಿಂದ ಏನಾತ್ರಿ?" ಎಂದು ಚೇಷ್ಟೆ ಮಾಡುತ್ತಿದ್ದರು. "ಏನೂ ಆಗಲಿಲ್ಲಪಾ! ಏನಂದ್ರ ಏನೂ ಆಗಲಿಲ್ಲ!" ಎಂದು ಬಾಪುಸಾಹೇಬರು ಎದೆ ಉಬ್ಬಿಸಿ ಹೇಳುತ್ತಿದ್ದರು. ಹಾಕಿದ ಮಾಲಿನಿಂದ ಏನೂ ಆಗಲಿಲ್ಲವೆಂದು ಇಷ್ಟು ಹೆಮ್ಮೆಪಟ್ಟ ಗೊಬ್ಬರದ ವ್ಯಾಪಾರಿ ಚಿಕ್ಕೋಡಿ ತಾಲ್ಲೂಕಿನಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ.

ವೃಷಭನಿಗೆ ಒಂಬತ್ತು ತಿಂಗಳು ತುಂಬಿದ ವಾರ ಸ್ನೇಹಲ ಅದೇ ಕಟ್ಟೆಗೆ ಬಂದಳು. ಶ್ರೇಣಿಕ ಗೋದಾಮಿನಲ್ಲಿ ಕೆಲಸವಿದೆಯೆಂದು ಜಾರಿಕೊಂಡ. ಮಯೂರಿ ಗೋಡೆಯ ಕಡೆ ಮುಖ ಮಾಡಿ ನಿಂತಳು, ರಾಜಮತಿ ಕಣ್ಣು ಮುಚ್ಚಿ ಣಮೋಕಾರ ಮಂತ್ರ ಜಪಿಸತೊಡಗಿದರು. ಕೂಸನ್ನು ಹಿಡಿದುಕೊಳ್ಳಬೇಕಾಗಿದ್ದ ಬಾಪುಸಾಹೇಬರು ಸಿರಿಂಜು ಕಂಡೊಡನೆ ಅದನ್ನು ಎದೆಗವಚಿಕೊಂಡು ಹಿಂದೆ ಸರಿದರು. ಹೊರಗೆ ಕೂತಿದ್ದ ಚನ್ನವ್ವ ಎದ್ದು ಬಂದು, "ಇಲ್ಲಿ ಕೊಡ" ಎಂದು ಕೂಸನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಅದರ ರಟ್ಟೆಯನ್ನು ಗಟ್ಟಿಯಾಗಿ ಹಿಡಿದಳು.

ಸೂಜಿ ತಾಗಿದ್ದೇ ತಡ ವೃಷಭ ಓಣಿಯೆಲ್ಲ ಕೇಳುವಂತೆ ಕಿರುಚಿದ. ಮುಖ ಕೆಂಪಾಯಿತು, ಉಸಿರು ಕಟ್ಟಿ ಮತ್ತೆ ಕಿರುಚಿದ. ಬಾಪುಸಾಹೇಬರಿಗೆ ತಡೆಯಲಾಗಲಿಲ್ಲ. "ಸಾಕ್ರಿ ಸಿಸ್ಟರ, ಸಾಕ! ಏ ರಾಜಮತಿ, ಗಿಲಕಿ ತಾ, ಸುಮ್ನ ಮಾಡ್ರಿ ಅವನ್ನ ಯಾರರ!" ಎಂದು ಕೈ ಕೈ ಹಿಸುಕಿಕೊಂಡರು.

ಚನ್ನವ್ವ ಕೂಸನ್ನು ಎದೆಗೆ ಒತ್ತಿಕೊಂಡು ಅದರ ಅಳುವನ್ನು ಕೇಳುತ್ತ ಕೂತಿದ್ದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು.

"ಅಳ್ಲಿ ಬಿಡೋ ಬಾಪೂ," ಎಂದಳು. "ನಮ್ಮ ಸುಂದ್ರಿಗೆ ಕಡೀಕ ಅಳಾಕೂ ತ್ರಾಣ ಇರಲಿಲ್ಲ."

ಗಿಲಕಿ ಅಲ್ಲಾಡಿಸುತ್ತ ಬಂದಿದ್ದ ರಾಜಮತಿ ಬಾಗಿಲಲ್ಲೇ ನಿಂತರು. ಕೂಸು ಬಹಳ ಹೊತ್ತು ಅತ್ತಿತು. ಯಾರೂ ಅದನ್ನು ಸುಮ್ಮನಿರಿಸಲು ಹೋಗಲಿಲ್ಲ.